ಕುಸುಬೆ ಎಣ್ಣೆಯಲ್ಲಿ ಶೇಂಗಾ

ಏಳನೆಯ ಬಾಟಲಿ ಬಂದದ್ದು ಒಂದು ಮಂಗಳವಾರ. ನಾಸಿಕದ ಸಾತಪುರದಲ್ಲಿರುವ ನಮ್ಮ ಆಹಾರ ಪರೀಕ್ಷಾ ಪ್ರಯೋಗಾಲಯಕ್ಕೆ ಆ ವಾರ ಎಣ್ಣೆಯೇ ಬರುತ್ತಿತ್ತು. ಪಿಂಪಳಗಾಂವ್ ಬಸವಂತದ ವ್ಯಾಪಾರಿಯೊಬ್ಬರು ಕಟ್ಟಿಗೆ ಗಾಣದ ಎಣ್ಣೆಗಳನ್ನು ತಮ್ಮ ಹೆಸರಿನಲ್ಲಿ ಮಾರಲು ಹೊರಟಿದ್ದರು. ಬೇರೆ ಬೇರೆ ಊರಿನ ಗಾಣದವರು ಅರ್ಧ ಲೀಟರ್ ಎಣ್ಣೆ ನಮಗೆ ಕಳಿಸಬೇಕು. ನಾವು ಅದರಲ್ಲಿರುವ ಕೊಬ್ಬಿನಾಮ್ಲಗಳ ಪ್ರಮಾಣ ಅಳೆದು ವರದಿ ಕೊಡಬೇಕು. ವರದಿ ಸರಿಯಿದ್ದವರಿಂದ ಮಾತ್ರ ಅವರು ವರ್ಷವಿಡೀ ಎಣ್ಣೆ ಕೊಳ್ಳುತ್ತಾರೆ.

ಬಾಟಲಿಗಳನ್ನು ದಾಖಲಿಸಿಕೊಳ್ಳುವ ಹಿರಿಯರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಅವರು ನನ್ನನ್ನು ಕೂಗಿ ಕರೆದರು.

"ಬಾ ಇಲ್ಲಿ, ನಿನ್ನ ಜಿಲೇಬಿ ಬಂದಿದೆ."

ಬಾಟಲಿಯ ಕುತ್ತಿಗೆಗೆ ದಾರದಿಂದ ಒಂದು ಚೀಟಿ ಕಟ್ಟಿತ್ತು. ಬರವಣಿಗೆ ಕನ್ನಡ; ನಮ್ಮ ದುಂಡನೆಯ ಅಕ್ಷರಗಳಿಗೆ ಕಾಕಾ ಇಟ್ಟ ಹೆಸರು ಜಿಲೇಬಿ. ಬಾಗಲಕೋಟೆಯಿಂದ ಬಂದ ನನ್ನನ್ನು ಬಿಟ್ಟರೆ ಅಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಎರಡು ಸಾಲಿತ್ತು. "ಕುಸುಬಿ ಎಣ್ಣಿ. ಮುಂಜಾನಿ ಮೊದಲನೇದು."

"ಕರಡಯಿ ಎಣ್ಣೆ," ಎಂದೆ ಮರಾಠಿಯಲ್ಲಿ. ಕಾಕಾ ಬರೆದುಕೊಂಡರು, ಬಾಟಲಿಗೆ ಸಂಖ್ಯೆಯ ಲೇಬಲ್ ಅಂಟಿಸಿದರು, ನಾನು ನನ್ನ ಮೇಜಿಗೆ ಮರಳಿದೆ. ಎರಡನೆಯ ಸಾಲನ್ನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಹೇಳಬೇಕಾದ ಸಂಗತಿ ಅದು ಎಂದು ಅನ್ನಿಸಿರಲಿಲ್ಲ.

ಎಣ್ಣೆಯನ್ನು ಇದ್ದ ಹಾಗೇ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಒಂದೆರಡು ಹನಿ ತೂಗಿ, ಹೆಕ್ಸೇನಿನಲ್ಲಿ ಕರಗಿಸಿ, ಮಿಥನಾಲಿನಲ್ಲಿ ಬೆರೆಸಿದ ಕ್ಷಾರ ಸೇರಿಸಿ ಅಲ್ಲಾಡಿಸಬೇಕು. ಆಗ ಎಣ್ಣೆ ಒಡೆದು ಕೊಬ್ಬಿನಾಮ್ಲಗಳು ಹಗುರಾದ ಬೇರೊಂದು ರೂಪಕ್ಕೆ ತಿರುಗುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಎರಡು ಪದರವಾಗುತ್ತದೆ. ಮೇಲಿನ ತಿಳಿಯನ್ನು ಪುಟ್ಟ ಶೀಶೆಗೆ ತೆಗೆದು ಗ್ಯಾಸ್ ಕ್ರೊಮಾಟೋಗ್ರಾಫ್ ಯಂತ್ರಕ್ಕೆ ಕೊಡುತ್ತೇವೆ. ಅದರೊಳಗೆ ಕೂದಲಿನಷ್ಟು ತೆಳ್ಳಗಿನ, ನೂರು ಮೀಟರ್ ಉದ್ದದ ಕೊಳವೆ ಸುರುಳಿ ಸುತ್ತಿಕೊಂಡಿರುತ್ತದೆ. ಚಿಕ್ಕ ಕೊಬ್ಬಿನಾಮ್ಲಗಳು ಅದರಿಂದ ಮೊದಲು ಹೊರಬೀಳುತ್ತವೆ, ಉದ್ದನೆಯವು ಕೊನೆಗೆ. ಪ್ರತಿಯೊಂದೂ ಪರದೆಯ ಮೇಲೆ ಒಂದು ಶಿಖರವಾಗಿ ಏಳುತ್ತದೆ. ಒಂದು ಮಾದರಿಗೆ ಸುಮಾರು ಒಂದು ತಾಸು.

ಕುಸುಬೆ ಎಣ್ಣೆಯ ಚಿತ್ರ ಗುರುತಿಸಲು ಕಷ್ಟವಿಲ್ಲ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಲಿನೋಲಿಕ್ ಆಮ್ಲವೇ ಇರುತ್ತದೆ. ಆ ಶಿಖರದ ಮುಂದೆ ಉಳಿದವೆಲ್ಲ ದಿಬ್ಬಗಳು. ಏಳನೆಯ ಬಾಟಲಿಯದು ಹಾಗಿರಲಿಲ್ಲ. ಲಿನೋಲಿಕ್ ತಗ್ಗಿತ್ತು, ಅದರ ಪಕ್ಕದ ಓಲಿಕ್ ಏರಿತ್ತು. ಕೊನೆಯಲ್ಲಿ, ಕುಸುಬೆಯಲ್ಲಿ ಕಂಡೂ ಕಾಣದಂತೆ ಇರಬೇಕಾದ ಬೆಹೆನಿಕ್ ಮತ್ತು ಲಿಗ್ನೋಸೆರಿಕ್ ಸ್ಪಷ್ಟವಾಗಿ ಎದ್ದು ನಿಂತಿದ್ದವು. ಆ ಎರಡು ಉದ್ದನೆಯ ಆಮ್ಲಗಳು ಹಾಗೆ ಜೊತೆಯಾಗಿ ಬಂದರೆ ಮೊದಲು ನೆನಪಾಗುವುದು ಶೇಂಗಾ.

ನನ್ನ ಅನುಮಾನ ಮೊದಲು ನನ್ನ ಮೇಲೆಯೇ ಹೋಯಿತು. ಇದಕ್ಕೆ ಮುಂಚೆ ಯಂತ್ರಕ್ಕೆ ಕೊಟ್ಟದ್ದು ಶೇಂಗಾ ಎಣ್ಣೆ. ಹಿಂದಿನ ಮಾದರಿಯ ಉಳಿಕೆ ಕೊಳವೆಯಲ್ಲಿ ಕೂತು ಮುಂದಿನದರಲ್ಲಿ ಹೊರಬೀಳುವುದುಂಟು. ಬರೀ ಹೆಕ್ಸೇನ್ ಕೊಟ್ಟು ನೋಡಿದೆ. ಬೆಹೆನಿಕ್ ಬರುವ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳಬೇಕು. ತಪ್ಪು ಯಂತ್ರದ್ದಾದರೆ ತಿದ್ದಬಹುದು.

ಮಾದರಿ ಒಳಹೋಗುವ ಕಡೆಯ ಗಾಜಿನ ಕೊಳವೆ ಬದಲಿಸಿದೆ, ರಬ್ಬರಿನ ಮುಚ್ಚಳ ಬದಲಿಸಿದೆ, ಸೂಜಿ ತೊಳೆದೆ, ಉದ್ದನೆಯ ಕೊಳವೆಯನ್ನು ಅರ್ಧ ದಿನ ಕಾಯಿಸಿಟ್ಟೆ. ಮತ್ತೆ ಹೆಕ್ಸೇನ್. ಈ ಸಲ ಗೆರೆ ನೆಟ್ಟಗೆ ಹೋಯಿತು. ಬಾಟಲಿಯಿಂದ ಹೊಸದಾಗಿ ಎಣ್ಣೆ ತೂಗಿ, ಎರಡು ಶೀಶೆ ತಯಾರಿಸಿ ಕೊಟ್ಟೆ. ಕಾಯುವ ಆ ಎರಡು ತಾಸು ಕುರ್ಚಿಯ ಮೇಲೆ ಕೂರಲಾಗಲಿಲ್ಲ. ತೊಳೆದ ಗಾಜನ್ನೇ ಮತ್ತೆ ತೊಳೆದೆ. ಎರಡೂ ಶೀಶೆಗಳು ಒಂದೇ ಮಾತು ಹೇಳಿದವು. ಶೇಂಗಾ ಯಂತ್ರದಲ್ಲಿರಲಿಲ್ಲ, ಬಾಟಲಿಯಲ್ಲಿತ್ತು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು.

ವಿಭಾಗದ ಮುಖ್ಯಸ್ಥರು ಹಾಳೆಗಳನ್ನು ನಿಂತೇ ನೋಡಿದರು. ನಮ್ಮ ಮಾತೆಲ್ಲ ಮರಾಠಿಯಲ್ಲಿ.

"ಶೇಂಗಾ ಬೆರೆಸಿದ್ದಾರೆ. ಬರೆದುಬಿಡು."

"ಸರ್, ಬೆರೆಸುವವರು ಅಗ್ಗದ್ದು ಬೆರೆಸುತ್ತಾರೆ. ಪಾಮ್, ಸೋಯಾ. ಗಾಣದ ಶೇಂಗಾ ಎಣ್ಣೆಯನ್ನು ಯಾರಾದರೂ ಬೆರೆಸುತ್ತಾರೆಯೇ?"

"ನೀನು ಪರೀಕ್ಷೆ ಮಾಡುವುದು ಎಣ್ಣೆಯನ್ನೋ, ಗಾಣದವರ ಮನಸ್ಸನ್ನೋ?"

"ಎಣ್ಣೆಯನ್ನು."

"ಹಾಗಾದರೆ ಎಣ್ಣೆ ಹೇಳಿದಷ್ಟು ಬರೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಳಿಸಿದ ಮಾದರಿ ಕುಸುಬೆ ಎಣ್ಣೆಯ ಮಿತಿಗಳಿಗೆ ಹೊಂದುವುದಿಲ್ಲ, ಶೇಂಗಾ ಎಣ್ಣೆ ಇರುವ ಸೂಚನೆಯಿದೆ ಎಂದು ಬರೆದು ಪರೀಕ್ಷಿಸಿದವಳ ಜಾಗದಲ್ಲಿ ಸಹಿ ಹಾಕಿದೆ. ಗುರುವಾರ ಸಂಜೆ ವರದಿ ಹೋಯಿತು.

ಶನಿವಾರ ಕಾಕಾ ಫೋನಿನ ಬಾಯಿ ಮುಚ್ಚಿ ಹಿಡಿದು ನನ್ನನ್ನು ಕರೆದರು. "ನಿನ್ನ ಕಡೆಯವರು. ಬೈಯುತ್ತಿದ್ದಾರೆ ಅನ್ನಿಸುತ್ತದೆ, ಅವರ ಮರಾಠಿಯಲ್ಲಿ ಏನೆಂದು ಬೈಯುತ್ತಿದ್ದಾರೋ ತಿಳಿಯುತ್ತಿಲ್ಲ."

ಮಾದರಿ ಕಳಿಸಿದವರ ಕರೆಗಳನ್ನು ನಾವು ತೆಗೆದುಕೊಳ್ಳಬಾರದು, ಮುಖ್ಯಸ್ಥರಿಗೆ ಕೊಡಬೇಕು. ಆದರೆ ಅವರಿಗೆ ಕನ್ನಡ ಬಾರದು. ಫೋನು ತೆಗೆದುಕೊಂಡೆ.

"ಕನ್ನಡ ಬರ್ತದೇನ ನಿನಗ?" ಹೆಂಗಸಿನ ಧ್ವನಿ, ನಡುವಯಸ್ಸಿನದು.

"ಬರ್ತದ್ರಿ."

"ಚಲೋ ಆತು ತಗೊ. ಎಷ್ಟೊತ್ತಾತು ಮರಾಠಿ ಒಳಗ ಜಗಳಾ ಮಾಡಾಕತ್ತು, ಸರಿಯಾಗಿ ಸಿಟ್ಟೇ ಬರವಲ್ದು." ಹಿಂದೆ ಏನೋ ಗರಗರ ತಿರುಗುವ ಸದ್ದು ಕೇಳುತ್ತಿತ್ತು. "ನಾ ಸಂಭಾಜಿನಗರದಿಂದ ಮಾತಾಡಾಕತ್ತೀನಿ, ಕುಸುಬಿ ಎಣ್ಣಿ ಕಳಿಸಿದಾಕಿ. ನಮ್ಮ ಎಣ್ಣಿ ಕಲಬೆರಕಿ ಅಂತ ಬರದಾವ್ರು ಯಾರು?"

ಹೆಸರು ಹೇಳುವ ಅಗತ್ಯವಿರಲಿಲ್ಲ. ಆದರೂ, "ನಾನ್ರಿ," ಎಂದೆ. "ಕಲಬೆರಕಿ ಅಂತ ಬರದಿಲ್ರಿ. ಶೇಂಗಾ ಐತಿ ಅಂತ ಬರದೀನಿ."

"ಓದಾವ್ರಿಗೆ ಎರಡೂ ಒಂದ ಅಲ್ಲೇನವ್ವ? ಆ ಸೇಟ್ ನಮ್ಮ ಗಾಣದ ಹೆಸರ ಹಾಕಿ ಗ್ರೂಪಿನಾಗ ಕಳಿಸ್ಯಾನ. ನಮ್ಮ ಓಣಿ ಮಂದಿ ಮೊಬೈಲ್ ಹಿಡಕೊಂಡು ಬಂದು ನನಗ ತೋರಸ್ತಾರ. ಹದಿನೆಂಟ ವರ್ಷ ಆತು ಇದ ಮಂದಿಗೆ ಎಣ್ಣಿ ಅಳದ ಕೊಡಾಕತ್ತು." ಧ್ವನಿ ತಗ್ಗಿತು. "ಚೀಟಿ ಕಟ್ಟಿದ್ದೆ. ಅದನ್ನರ ಓದಿದ್ರ್ಯೋ ಇಲ್ಲೋ?"

ಅಷ್ಟು ಕೇಳಿ ಅವರು ಫೋನಿಟ್ಟರು.

ಪರೀಕ್ಷೆ ಮುಗಿದ ಮಾದರಿಗಳನ್ನು ಕೆಲವು ವಾರ ಕಪಾಟಿನಲ್ಲಿ ಇಟ್ಟಿರುತ್ತೇವೆ. ಏಳನೆಯದನ್ನು ಹೊರತೆಗೆದೆ. ಕಾಕಾ ಅಂಟಿಸಿದ ಲೇಬಲ್ಲಿನ ಅಡಿಯಿಂದ ಚೀಟಿಯ ಅಂಚು ಹೊರಗೆ ಬಂದಿತ್ತು. ಮುಂಜಾನಿ ಮೊದಲನೇದು. ನೋಂದಣಿ ಪುಸ್ತಕ ತೆಗೆದು ನೋಡಿದೆ. ಮಾದರಿಯೊಂದಿಗೆ ಬಂದ ಮಾಹಿತಿ ಎಂಬ ಅಂಕಣದಲ್ಲಿ ಏನೂ ಇರಲಿಲ್ಲ. ಇರಬೇಕಾದದ್ದನ್ನು ಅಲ್ಲಿಗೆ ಮುಟ್ಟಿಸದಿದ್ದವಳು ನಾನು. ಅದು ಏನು ಹೇಳುತ್ತದೆ ಎಂಬುದು ಆಗಲೂ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದೆ.

ಪರೀಕ್ಷೆಗಾಗಿ ಬಂದಿದ್ದ ಅರ್ಜಿಯಲ್ಲಿ ಗಾಣದ ವಿಳಾಸವಿತ್ತು. ಅದನ್ನು ನೋಡಿ ಬರೆದುಕೊಂಡದ್ದು ನನ್ನ ಎರಡನೆಯ ತಪ್ಪು. ಇದನ್ನು ಮಾತ್ರ ತಿಳಿದೇ ಮಾಡಿದೆ.

ಭಾನುವಾರ ಸಂಭಾಜಿನಗರದ ಮೊದಲ ಬಸ್ಸು ಹಿಡಿದೆ. ಯೇವಲಾದಲ್ಲಿ ಬಸ್ಸು ನಿಂತಾಗ ಇಳಿದು ತಿರುಗಿ ಹೋಗಿಬಿಡಲೇ ಎಂದು ಯೋಚಿಸಿದೆ. ವೈಜಾಪುರದಲ್ಲಿ ಇಳಿದೇಬಿಟ್ಟೆ, ಕಂಡಕ್ಟರ್ ಸೀಟಿ ಊದಿದಾಗ ಮತ್ತೆ ಹತ್ತಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಏನೆಂದು ಹೇಳುವುದು, ಒಂದು ಚೀಟಿಯ ಸಲುವಾಗಿ ಇಷ್ಟು ದೂರ ಎಂದೇ?

ಗಾಣ ಇದ್ದದ್ದು ಊರ ಹೊರಗಿನ ವಾಳೂಜಿನ ಕಾರ್ಖಾನೆಗಳ ಹಿಂದೆ, ತಗಡು ಹೊದಿಸಿದ ಸಾಲು ಕೋಣೆಗಳ ಓಣಿಯಲ್ಲಿ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿ ಅಲ್ಲಿ ತುಂಬಿದ್ದಾರೆ. ಭಾನುವಾರ ಗಿರಾಕಿ ಬರುವುದು ತಡವಾಗಿ, ಹಾಗಾಗಿ ಗಾಣ ಇನ್ನೂ ಹೂಡಿರಲಿಲ್ಲ. ಫೋನು ಮಾಡಿದ್ದ ಗಾಣದ ಅಕ್ಕ ಕುಸುಬೆ ಕಾಳನ್ನು ಮೊರದಲ್ಲಿ ಕೇರುತ್ತಿದ್ದರು. ಅವರ ಅತ್ತೆ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅಕ್ಕ ಮೊರ ಕೆಳಗಿಟ್ಟರು. ಮೊದಲು ಮಾತಾಡಿದವರು ಅತ್ತೆ.

"ಸಾಲಿ ಕಲ್ತಾಕಿ, ಎರಡ ಸಾಲಿನ ಚೀಟಿ ಓದಾಕ ಆಗಲಿಲ್ಲಂತ?"

"ಓದಿದ್ನಿರಿ ಆಯಿ. ತಿಳಿಲಿಲ್ಲ. ತಿಳ್ಕೊಳ್ಳಾಕ ಬಂದೀನಿ."

"ಬಂದಿ ಅಂದ್ರ ಕೂಡು. ಚಾ ಕುಡಿತಿ?"

"ಬ್ಯಾಡ್ರಿ, ಎಣ್ಣಿ ಕಳಿಸಿದವ್ರ ಮನ್ಯಾಗ ನಾವು ಕುಡಿಯೂಹಂಗಿಲ್ಲ."

"ಯಾಕ, ಚಾದಾಗೂ ಶೇಂಗಾ ಇರ್ತಾವಂತ ಅಂಜಿಕಿ ಏನ?"

ಅಕ್ಕ ನಗಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಗಾಣ ತೋರಿಸಿದರು. ಎತ್ತಿನ ಬದಲು ಮೋಟಾರು, ಉಳಿದದ್ದೆಲ್ಲ ಹಳೆಯದೇ. ದಪ್ಪ ಮರದ ಒರಳು, ಅದರೊಳಗೆ ವಾರೆಯಾಗಿ ನಿಂತ ಒನಕೆ. ನಾನು ಬಗ್ಗಿ ನೋಡಿದೆ. ಒರಳಿನ ತಳದಲ್ಲಿ ಎಣ್ಣೆ ಹೊಳೆಯುತ್ತಿತ್ತು, ಮರದ ಗೋಡೆ ಒದ್ದೆಯಾಗಿತ್ತು.

"ಇದು ಯಾವ ಎಣ್ಣಿರಿ ಅಕ್ಕಾರ?"

"ಶೇಂಗಾದ್ದು. ನಿನ್ನೆ ಸಂಜಿಕ ಕುಡಿಸಿಟ್ಟೀನಿ. ಈ ಊರ ಹವಾಕ್ಕ ಕಟ್ಟಿಗಿ ಒಣಗಿದ್ರ ಸೀಳಿಬಿಡ್ತದ. ದಿನಾ ಕಡೀ ಗಾಣಾ ಶೇಂಗಾದ್ದ ಹೊಡಿಯೂದು, ಒಂದೀಟ ಒಳಗ ಬಿಡೂದು."

"ಕುಸುಬಿ ಎಣ್ಣಿನ ಬಿಟ್ರ?"

ಬಾಗಿಲಿನಿಂದ ಅತ್ತೆ ಉತ್ತರ ಕೊಟ್ಟರು. "ಕುಸುಬಿ ಬಿಟ್ರ ಅಂಟ ಆಗ್ತದ. ಮುಂಜಾನಿ ಒನಕಿ ಏಳಂಗಿಲ್ಲ. ನನ್ನ ಗಂಡ ಒಮ್ಮಿ ಬಿಟ್ಟಿದ್ದ, ಕೆರದು ತಗಿಯೂದ್ರಾಗ ಅವನ ಉಗುರು ಹ್ವಾದುವು."

ನಾನು ಅಲ್ಲೇ ನಿಂತೆ. ಅದು ನನಗೆ ಗೊತ್ತಿದ್ದ ಸಂಗತಿ. ಲಿನೋಲಿಕ್ ಹೆಚ್ಚಿರುವ ಎಣ್ಣೆ ತೆಳ್ಳಗೆ ಹರಡಿ ಗಾಳಿಗೆ ಬಿದ್ದರೆ ಆಮ್ಲಜನಕ ಹೀರಿ ಗೋಂದಿನ ಹಾಗೆ ಬಿಗಿಯುತ್ತದೆ. ಓಲಿಕ್ ಹೆಚ್ಚಿರುವ ಶೇಂಗಾ ಹಾಗೆ ಬಿಗಿಯುವುದಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಇವರು ಉಗುರು ಕಳೆದುಕೊಂಡು ಕಲಿತು, ಒರಳಿಗೆ ಯಾವ ಎಣ್ಣೆ ಕುಡಿಸಬೇಕೆಂದು ಗೊತ್ತುಮಾಡಿಕೊಂಡಿದ್ದರು.

"ಹಂಗಾರ ಮುಂಜಾನಿ ಬರೂ ಮೊದಲನೇ ಎಣ್ಣಿ?"

"ಅದು ಹಣಮಪ್ಪನ ದೀಪಕ್ಕ ಹೋಗ್ತದ. ಮೊದಲಿಂದ ಹಂಗ ಐತಿ. ಮೊದಲನೇ ಧಾರಿ ದೇವರಿಗೆ, ಆಮ್ಯಾಲಿಂದು ಮಂದಿಗೆ. ಮೊದಲನೇದು ಮಾರೂದ ಇಲ್ಲ."

"ಮತ್ತ ನಮಗ ಅದನ್ನ ಕಳಿಸೀರಿ."

"ಹೂಂ." ಅಕ್ಕ ನನ್ನನ್ನು ನೇರ ನೋಡಿದರು. "ಪರೀಕ್ಷಾ ಮಾಡಾವ್ರಿಗೆ ಮಾರೂ ಎಣ್ಣಿ ಹೆಂಗ ಕೊಡ್ಲಿ? ದೇವರಿಗೆ ಕೊಡೂದು ನಿಮಗ ಕೊಟ್ಟೆ. ಅವತ್ತ ದೇವರಿಗೆ ಎರಡನೇದ ಕೊಟ್ಟು ತಪ್ಪಾತು ಅಂತ ಕೈ ಮುಗದೀನಿ. ಅದಕ್ಕ ಚೀಟ್ಯಾಗ ಬರದೆ, ನಿಮಗೂ ಗೊತ್ತಾಗ್ಲಿ ಅಂತ."

ಅವರು ಗಾಣ ಹೂಡಿದರು. ಕಾಳು ಸುರಿದು, ಕೈಯಿಂದ ನೀರು ಚಿಮುಕಿಸಿ, ಮೋಟಾರು ಹಾಕಿದರು. ಬಹಳ ಹೊತ್ತಿನ ಮೇಲೆ ಒರಳಿನ ತೂತಿನಿಂದ ಎಣ್ಣೆ ಇಳಿಯಿತು. ಮೊದಲ ಪಾತ್ರೆಯನ್ನು ಬೇರೆ ಇಟ್ಟರು. ಎರಡನೆಯದನ್ನೂ ಮೂರನೆಯದನ್ನೂ ಡಬ್ಬಿಗೆ ಸುರಿದರು. ಆ ಡಬ್ಬಿಯಿಂದ ಒಂದು ಬಾಟಲಿ ತುಂಬಿ ನನ್ನ ಕೈಗೆ ಕೊಡಲು ಬಂದರು.

"ತಗೊ. ಇದನ್ನ ನೋಡು."

"ನಾ ತಗೊಳ್ಳೂಹಂಗಿಲ್ರಿ. ನಾ ಒಯ್ದದ್ದು ಲೆಕ್ಕಕ್ಕ ಬರಂಗಿಲ್ಲ. ಕಚೇರಿಯವರು ತಾವ ಬಂದು, ತಾವ ಡಬ್ಬ್ಯಾಗಿಂದ ತಗದು ಮುದ್ರಿ ಹಾಕಬೇಕು."

"ಎಣ್ಣಿಗೂ ಪೊಲೀಸ್ರು ಬೇಕೇನ?" ಅತ್ತೆ ಕೇಳಿದರು.

ಅಕ್ಕ ಬಾಟಲಿಯ ಎಣ್ಣೆಯನ್ನು ತಿರುಗಿ ಡಬ್ಬಿಗೆ ಸುರಿದರು. ಆಮೇಲೆ, "ಆತು, ಬರ್ಲಿ," ಎಂದರು. "ನನಗ ಆ ಸೇಟನ ವ್ಯಾಪಾರ ಇರ್ಲಿ ಬಿಡ್ಲಿ. ಓಣ್ಯಾಗ ನಾ ಕಲಬೆರಕಿಯಾಕಿ ಆಗಬಾರ್ದು. ಅದೊಂದು ನೋಡು."

ಹಿಂದಿರುಗುವ ಬಸ್ಸಿನಲ್ಲಿ ಬರೆಯಲು ಶುರುಮಾಡಿದೆ. ಸೋಮವಾರ ಎರಡು ಪುಟಗಳನ್ನು ಮುಖ್ಯಸ್ಥರ ಮುಂದಿಟ್ಟೆ. ಮೊದಲ ಪುಟದಲ್ಲಿ ಚೀಟಿಯ ಎರಡನೆಯ ಸಾಲನ್ನು ನೋಂದಣಿಗೆ ನಾನು ತಿಳಿಸದೆ ಇದ್ದದ್ದು. ಎರಡನೆಯದರಲ್ಲಿ ನಾನು ಹೋದದ್ದು, ಕಂಡದ್ದು, ದಿನದ ಮೊದಲ ಎಣ್ಣೆಯಲ್ಲಿ ಶೇಂಗಾ ಏಕಿರುತ್ತದೆ ಎಂಬುದು, ಮಾರಾಟದ ಡಬ್ಬಿಗಳಿಂದ ಮರುಮಾದರಿ ತೆಗೆಯಬೇಕೆಂಬ ವಿನಂತಿ.

ಅವರು ಎರಡನ್ನೂ ಓದಿ ಕನ್ನಡಕ ತೆಗೆದರು.

"ಯಾರನ್ನು ಕೇಳಿ ಹೋದೆ?"

"ಯಾರನ್ನೂ ಕೇಳಲಿಲ್ಲ."

"ಮಾದರಿ ಕಳಿಸಿದವರ ಮನೆಗೆ ವಿಶ್ಲೇಷಕಿ ಹೋಗಬಾರದು ಎಂಬುದು ಗೊತ್ತಿತ್ತೋ?"

"ಗೊತ್ತಿತ್ತು."

ಎರಡೂ ಪುಟಗಳನ್ನು ನನ್ನ ಕಡೆಗೆ ಸರಿಸಿದರು. "ನೋಡು, ಮೊದಲ ಪುಟ ಸಾಕು. ಅದು ಸಣ್ಣ ತಪ್ಪು, ಎಲ್ಲರಿಂದಲೂ ಆಗುತ್ತದೆ. ವರದಿಗೆ ಒಂದು ಸಾಲು ಸೇರಿಸಿ ಕಳಿಸೋಣ. ದಿನದ ಮೊದಲ ಎಣ್ಣೆ ಎಂದು ಕಳಿಸಿದವರು ತಿಳಿಸಿದ್ದರು, ಅಷ್ಟೇ. ಎರಡನೆಯದನ್ನು ನಾನು ನೋಡಿಲ್ಲ."

"ಆ ಒಂದು ಸಾಲಿನಿಂದ ವ್ಯಾಪಾರಿಗೆ ಏನು ತಿಳಿಯುತ್ತದೆ ಸರ್?"

"ಏನೂ ತಿಳಿಯುವುದಿಲ್ಲ."

"ಎರಡನೆಯ ಪುಟ ಇದ್ದರೆ?"

"ಮರುಮಾದರಿಗೆ ಕಾರಣ ಸಿಗುತ್ತದೆ. ನಿನ್ನ ಹೆಸರು ಗುಣಮಟ್ಟದ ಕಡತಕ್ಕೆ ಹೋಗುತ್ತದೆ. ಎಣ್ಣೆಯ ಕೆಲಸ ನಿನ್ನಿಂದ ತೆಗೆಯಬೇಕಾಗುತ್ತದೆ, ಎಷ್ಟು ದಿನ ಎಂದು ನಾನು ಹೇಳಲಾರೆ. ಊಟದ ಹೊತ್ತಿನವರೆಗೆ ಯೋಚಿಸು."

ಆ ಮಾತನ್ನು ಅವರು ನನ್ನ ಮೇಲಿನ ಮಮತೆಯಿಂದಲೇ ಹೇಳಿದರು. ಅದರಿಂದ ಇನ್ನೂ ಕಷ್ಟವಾಯಿತು. ಯಂತ್ರದ ಕೋಣೆಗೆ ಹೋಗಿ ನಿಂತೆ. ಆ ಕೋಣೆಯ ಸದ್ದು, ಅನಿಲದ ಒತ್ತಡದ ಮುಳ್ಳು, ಬೆಳಿಗ್ಗೆ ಯಂತ್ರದೊಳಗಿನ ಉರಿ ಹೊತ್ತಿಕೊಂಡಾಗ ಬರುವ ಪುಟ್ಟ ಟಪ್ ಸದ್ದು, ಇವೆಲ್ಲ ನನ್ನ ದಿನದ ಭಾಗ. ಈ ಕೆಲಸಕ್ಕಾಗಿಯೇ ಧಾರವಾಡದಲ್ಲಿ ಓದಿದ್ದು. ಎರಡನೆಯ ಪುಟ ಹರಿದುಹಾಕಿದರೆ ಯಾರೂ ಸುಳ್ಳು ಹೇಳಿದಂತಾಗುತ್ತಿರಲಿಲ್ಲ, ವರದಿ ಸರಿಯಾಗಿಯೇ ಇತ್ತು. ಆ ಬಾಟಲಿಯ ಮಟ್ಟಿಗೆ ಸರಿಯಾಗಿತ್ತು. ಸಂಭಾಜಿನಗರದ ಓಣಿಯಲ್ಲಿ ಯಾರೂ ಆ ಬಾಟಲಿಯ ಎಣ್ಣೆ ತಿಂದಿರಲಿಲ್ಲ.

ಊಟದ ಗಂಟೆಗೆ ಮುಂಚೆಯೇ ಹೋಗಿ ಎರಡೂ ಪುಟಗಳನ್ನು ಕಾಕಾ ಅವರ ಬಳಿ ಕೊಟ್ಟು ದಾಖಲಿಸಲು ಹೇಳಿದೆ. ಒಮ್ಮೆ ದಾಖಲಾದರೆ ನೋಡಿಲ್ಲ ಎನ್ನಲು ಯಾರಿಗೂ ಆಗುವುದಿಲ್ಲ. ಕಾಕಾ ಓದಿ, ಮುದ್ರೆಯನ್ನು ಕೈಯಲ್ಲೇ ಹಿಡಿದು, "ಖಾತ್ರಿಯೇನು?" ಎಂದರು. ತಲೆಯಾಡಿಸಿದೆ.

ಆ ಮಧ್ಯಾಹ್ನವೇ ನನ್ನನ್ನು ಮಸಾಲೆಯ ಮೇಜಿಗೆ ಹಾಕಿದರು. ಮೆಣಸಿನ ಪುಡಿ ತೂಗುವುದು, ಒಲೆಯಲ್ಲಿಡುವುದು, ಮತ್ತೆ ತೂಗಿ ತೇವಾಂಶ ಬರೆಯುವುದು. ಮಾದರಿ ತೆಗೆಯುವವರು ವಾರದ ಕೊನೆಗೆ ಸಂಭಾಜಿನಗರಕ್ಕೆ ಮುನ್ಸೂಚನೆ ಕೊಡದೆ ಹೋಗಿ, ಮಾರಾಟಕ್ಕಿಟ್ಟ ಮೂರು ಡಬ್ಬಿಗಳಿಂದ ಎಣ್ಣೆ ತೆಗೆದು ಮುದ್ರೆ ಹಾಕಿ ತಂದರು. ಅದನ್ನು ಯಂತ್ರಕ್ಕೆ ಕೊಟ್ಟವಳು ನನ್ನ ಸಹೋದ್ಯೋಗಿ. ಗಾಜಿನ ಗೋಡೆಯ ಆಚೆ ಅವಳ ಬೆನ್ನು ಕಾಣುತ್ತಿತ್ತು, ಪರದೆ ಕಾಣುತ್ತಿರಲಿಲ್ಲ. ಬೆಹೆನಿಕ್ ಹೊರಬೀಳುವ ಹೊತ್ತು ನನಗೆ ಗಡಿಯಾರ ನೋಡಿದರೆ ಗೊತ್ತಾಗುತ್ತದೆ. ಗಡಿಯಾರ ನೋಡಿದೆ. ಅವಳು ಅಲುಗಲಿಲ್ಲ. ಕೇಳಬಾರದೆಂದು ಕೇಳಲಿಲ್ಲ. ಒಂದೇ ತಟ್ಟೆಯ ಮೆಣಸಿನ ಪುಡಿಯನ್ನು ಮೂರು ಸಲ ತೂಗಿದೆ.

ಎರಡು ದಿನದ ಮೇಲೆ ಕಾಕಾ ನನ್ನ ಮೇಜಿನ ಬಳಿ ಹಾದುಹೋಗುತ್ತ, "ಮೂರೂ ಕುಸುಬೆಯೇ," ಎಂದರು, ತಮ್ಮಷ್ಟಕ್ಕೆ ಹೇಳಿಕೊಂಡಂತೆ.

ಮೊದಲ ವರದಿಯನ್ನು ಹಿಂತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ಕಾರಣವೂ ಇರಲಿಲ್ಲ. ಮಾರಾಟದ ಡಬ್ಬಿಗಳ ಬಗ್ಗೆ ಎರಡನೆಯ ವರದಿ ಹೋಯಿತು, ಜೊತೆಗೆ ಮೊದಲ ಬಾಟಲಿಯ ಬಗ್ಗೆ ಒಂದು ವಿವರಣೆ. ವ್ಯಾಪಾರಿ ಆ ಗಾಣವನ್ನು ಪಟ್ಟಿಗೆ ಸೇರಿಸಿಕೊಂಡರು. ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಿದರೋ ಇಲ್ಲವೋ ನನಗೆ ತಿಳಿಯದು.

ಮತ್ತೊಂದು ಶನಿವಾರ ಫೋನು ಬಂತು. ಮುಖ್ಯಸ್ಥರು ಅಲ್ಲೇ ನಿಂತಿದ್ದರು. ತೆಗೆದುಕೊ ಎಂಬಂತೆ ಗದ್ದ ಆಡಿಸಿ ಆಚೆ ಹೋದರು.

"ಹೊಸಾ ಕಾಗದ ಬಂತವ್ವ," ಎಂದರು ಅಕ್ಕ. "ಚಲೋ ಐತಿ ಅಂತ ಬರದಾರ."

"ಗೊತ್ತಾತ್ರಿ ಅಕ್ಕಾರ."

"ಇದರ ಮ್ಯಾಲ ಸಹಿ ಯಾರ್ದು?"

"ನನ್ನ ಜೋಡಿ ಕೆಲಸಾ ಮಾಡಾವ್ರದು."

"ನಿಂದ್ಯಾಕಿಲ್ಲ? ಓಣ್ಯಾಗ ಎರಡೂ ಕಾಗದಾ ಹಿಡದು ತೋರಸಾಕತ್ತೀನಿ. ಮಂದಿ ಏನಂತಾರ ಗೊತ್ತೈತೇನ? ಬ್ಯಾರೇದವ್ರ ಕಡೆ ಬರಿಸಿಕೊಂಡ ಬಂದಾಳ ಅಂತಾರ. ಕೆಟ್ಟದ್ದು ಬರದಾಕೀನ ಚಲೋದ್ದೂ ಬರೀಬೇಕು. ನೀನ ಒಂದು ಬರದು ಕಳಿಸು."

"ನಾ ಬರಿಯೂಹಂಗಿಲ್ರಿ."

"ಯಾಕ?"

"ನಿಮ್ಮ ಗಾಣಕ್ಕ ಬಂದಿದ್ನೆಲ್ರಿ. ಅದಕ್ಕ."

ಆ ಕಡೆ ಗಾಣ ತಿರುಗುತ್ತಲೇ ಇತ್ತು.

"ಹಂಗಾರ ನೀ ಬರಬಾರದಿತ್ತು ನೋಡವ್ವ," ಎಂದರು ಅಕ್ಕ.

"ಹೌದ್ರಿ," ಎಂದೆ. ನಾನು ಹೋಗದೆ ಇದ್ದಿದ್ದರೆ ಅವರ ಕೈಯಲ್ಲಿ ಎರಡನೆಯ ಕಾಗದವೇ ಇರುತ್ತಿರಲಿಲ್ಲ ಎಂಬುದನ್ನು ಹೇಳಲಿಲ್ಲ.